ಕಾಲರಾ ಎಂದು ಬರೆದ ಹಲಗೆ

ಬೆಟ್ಟದ ಮೇಲೆ ಹಿಮ ಕರಗಿತೆಂದು ಸುದ್ದಿ ಬಂದ ದಿನವೇ ಕೆಜಿಯಾ ಹಾರ್ಲನ್ ತನ್ನ ಹೇಸರಗತ್ತೆಗಳಿಗೆ ಹೊಸ ಲಾಳ ಹೊಡೆಸಿದಳು.

ಹಿಂದಿನ ವರ್ಷ, ಅಂದರೆ ೧೮೫೨ರ ಅಕ್ಟೋಬರಿನಲ್ಲಿ, ಅವಳ ಗಂಡ ಜೋಯೆಲ್ ಮರ ಕೊಯ್ಯುವ ಗಿರಣಿಯ ಕಬ್ಬಿಣವನ್ನೆಲ್ಲ ಬಂಡಿಗೆ ಹೇರಿಕೊಂಡು ಬೆಟ್ಟದ ದಾರಿ ಹಿಡಿದಿದ್ದ. ಅವಳು ಮಕ್ಕಳನ್ನು ಕರೆದುಕೊಂಡು ಕೊಲಂಬಿಯಾ ಹೊಳೆಯಲ್ಲಿ ತೆಪ್ಪದ ಮೇಲೆ ಬಂದಿದ್ದಳು. ತೆಪ್ಪ ಆರೆಗನ್ನಿನ ಕಣಿವೆ ಮುಟ್ಟಿತು, ಬಂಡಿ ಮುಟ್ಟಲಿಲ್ಲ. ನವೆಂಬರಿನ ಜಡಿಮಳೆಯಲ್ಲಿ ಒಬ್ಬನೇ ಒಬ್ಬ ಮನುಷ್ಯ ಕಾಲೆಳೆದುಕೊಂಡು ಆಲ್ಡರ್‌ಹಳ್ಳ ಎಂಬ ನಮ್ಮ ಹಳ್ಳಿಗೆ ಬಂದ. ಅವನು ಕ್ಯಾಪ್ಟನ್ ಆಸಾ ಪ್ರೂಯಿಟ್. ಅವನ ಮೈಮೇಲೆ ಜೋಯೆಲನ ಕೋಟು ಇತ್ತು.

ಕ್ಯಾಪ್ಟನ್ ಎಂದರೆ ಸೈನ್ಯದವನಲ್ಲ. ಮೂಡಣದ ಮಿಸೌರಿ ಹೊಳೆಯ ದಂಡೆಯಿಂದ ಆರೆಗನ್ನಿಗೆ ಹೊರಡುವಾಗ ಬಂಡಿಯವರೆಲ್ಲ ಕೈಯೆತ್ತಿ ಒಬ್ಬನನ್ನು ಮುಂದಾಳಾಗಿ ಆರಿಸಬೇಕು, ಆರಿಸಿದ ಮರುದಿನದಿಂದ ಅವನನ್ನು ಬೈಯಬೇಕು. ಅದು ನಮ್ಮ ದಾರಿಯ ಪದ್ಧತಿ. ಪ್ರೂಯಿಟ್‌ನ ಸ್ವಂತ ಬಂಡಿ ಸ್ನೇಕ್ ಹೊಳೆಯಲ್ಲೇ ಚೂರಾಗಿತ್ತು. ಮಿಕ್ಕವರೆಲ್ಲ ಚದುರಿಹೋದ ಮೇಲೆ ಅವನೂ ಜೋಯೆಲನೂ ಒಂದೇ ಬಂಡಿಯಲ್ಲಿ, ಎಲ್ಲರಿಗಿಂತ ಕೊನೆಗೆ, ಬೆಟ್ಟ ಹತ್ತಿದ್ದರು.

ಅವನು ಹೇಳಿದ್ದು ಇಷ್ಟೇ: ಜೋಯೆಲ್ ಬೆಟ್ಟದ ಮೇಲೆ ಬಂಡಿಗಳು ತಂಗುವ ಮೇಲ್ಮಾಳದ ಬೀಡಿನಲ್ಲಿ ಜ್ವರ ಬಂದು ಸತ್ತ. ಅಲ್ಲೇ ಹೂತು ಹೆಸರಿನ ಹಲಗೆ ನೆಟ್ಟಿದ್ದೇನೆ. ಲಾರೆಲ್ ಗುಡ್ಡದಲ್ಲಿ ಬಂಡಿ ಉರುಳಿ ಒಡೆಯಿತು, ಅಲ್ಲಿನ ವಿಷದೆಲೆ ತಿಂದು ಎತ್ತುಗಳು ಸತ್ತವು. ಕಬ್ಬಿಣವನ್ನು ಬೀಡಿನಲ್ಲಿ ಬಚ್ಚಿಟ್ಟಿದ್ದೇನೆ, ಹಿಮ ಕರಗಿದ ಮೇಲೆ ತರೋಣ. ಎಲ್ಲಿ ಬಚ್ಚಿಟ್ಟೆ ಎಂದು ಕೇಳಿದರೆ ಬಾಯಿಗೆ ಬೀಗ.

ಊರು ಸುಮ್ಮನಿರುತ್ತದೆಯೇ? ಚಳಿಗಾಲ ಪೂರ್ತಿ ಪ್ರಾರ್ಥನೆಯ ದಿನ ಅವನ ಬೆಂಚಿನಲ್ಲಿ ಇನ್ನೊಬ್ಬರು ಕೂರಲಿಲ್ಲ. ಕಣಿವೆಯಲ್ಲಿ ಕೊಯ್ದ ಹಲಗೆ ಎಂಬುದೇ ಇಲ್ಲದ ಕಾಲ. ದಿಮ್ಮಿಯ ಗುಡಿಸಲು, ಮಣ್ಣಿನ ನೆಲ. ಗರಗಸ ಇದ್ದವನೇ ರಾಜ. ಅಂಥ ಗರಗಸಕ್ಕಾಗಿ ಒಬ್ಬನನ್ನು ಹಿಮದಲ್ಲಿ ಬಿಟ್ಟು ಬರುವುದು ಯಾವ ದೊಡ್ಡ ಮಾತು, ಎಂದು ಜನ ಆಡಿಕೊಂಡರು. ಕೆಜಿಯಾ ಅವರ ಬಾಯಿ ಮುಚ್ಚಿಸಲಿಲ್ಲ. ಅವಳದೂ ಅದೇ ಪ್ರಶ್ನೆ: ಸತ್ತ ಮೇಲೆ ಬಿಟ್ಟು ಬಂದನೋ, ಬಿಟ್ಟು ಬಂದದ್ದಕ್ಕೇ ಸತ್ತನೋ?

ಹೊರಟವರು ಮೂವರು: ಕೆಜಿಯಾ, ಜೋಯೆಲನ ತಮ್ಮ ಓಬೆಡ್, ಮತ್ತು ಕ್ಯಾಪ್ಟನ್. ಹೇಸರಗತ್ತೆಗಳು ಎರಡು. ದೊಡ್ಡದರ ಮುಖ ನೋಡಿದರೆ ಯಾರಿಗೋ ಗಲ್ಲುಶಿಕ್ಷೆ ಕೊಡಲು ಕೂತಂತೆ ಇದ್ದದ್ದರಿಂದ ಅದರ ಹೆಸರು ಜಡ್ಜ್. ಹಂದಿಯ ಉಪ್ಪುಮಾಂಸ, ಹುರುಳಿಕಾಯಿ ಬೀಜ, ಜೋಳದ ಹಿಟ್ಟು, ಹಗ್ಗ, ಸನಿಕೆ. ಓಬೆಡ್‌ನ ಹೆಗಲಲ್ಲಿ ಬಂದೂಕು.

"ಕರಡಿಗೆ ಅಂತ ತಂದಿದ್ದೀಯೇನಪ್ಪಾ?" ಎಂದ ಕ್ಯಾಪ್ಟನ್.

"ಯಾವುದು ಮೈಮೇಲೆ ಬೀಳುತ್ತೋ ಅದಕ್ಕೆ," ಎಂದ ಓಬೆಡ್.

ಸ್ಯಾಂಡಿ ಹೊಳೆ ಆ ದಿನ ತುಂಬಿ ಹರಿಯುತ್ತಿತ್ತು. ಮೇಲೆ ಹಿಮ ಕರಗಿದಷ್ಟೂ ಕೆಳಗೆ ನೀರು ಹಾಲಿನಂತೆ ಬೆಳ್ಳಗಾಗಿ, ತಳದಲ್ಲಿ ಏನಿದೆ ಎಂದು ಕಾಣುವುದಿಲ್ಲ. ಬಂಡೆಗಳು ಒಳಗೇ ಉರುಳುವ ಸದ್ದು ಮಾತ್ರ ಕೇಳುತ್ತದೆ. ಕ್ಯಾಪ್ಟನ್ ಮೊದಲು ದಾಟಿ, ಹಗ್ಗದ ತುದಿಯನ್ನು ಸೀಡರ್ ಮರಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ಈಚೆಗೆ ಎಸೆದ.

"ಸೊಂಟಕ್ಕೆ ಕಟ್ಟಿಕೋಮ್ಮಾ!"

ಕೆಜಿಯಾ ಆ ಹಗ್ಗವನ್ನು ನೋಡಿದಳು, ಅವನ ಕೈಯನ್ನು ನೋಡಿದಳು. "ನೀವು ಹಿಡಿದಿರೋ ಹಗ್ಗ ನನಗೆ ಬೇಡ. ಓಬೆಡ್, ನಿನ್ನದು ಕೊಡು."

ನಡುನೀರಿನಲ್ಲಿ ಜಡ್ಜ್ ಕಾಲು ಜಾರಿತು.

ಅದರ ಕಡಿವಾಣ ಹಿಡಿದಿದ್ದ ಓಬೆಡ್ ಮುಗ್ಗರಿಸಿದ. ಅವನ ಸೊಂಟದ ಹಗ್ಗ ಕೆಜಿಯಾಳನ್ನೂ ಎಳೆಯಿತು. ನೀರು ಎದೆಗೆ ಬಂತು, ಗಲ್ಲಕ್ಕೆ ಬಂತು.

ಕ್ಯಾಪ್ಟನ್ ದಡದಲ್ಲಿ ಕೆಳಗೆ ಓಡಿದ. ಧುಮುಕಿದ. ಜಡ್ಜ್‌ನ ಕಿವಿಯನ್ನೇ ಎರಡೂ ಕೈಯಲ್ಲಿ ಹಿಡಿದು ತಲೆಯನ್ನು ದಡಕ್ಕೆ ತಿರುಗಿಸಿದ. ಹೇಸರಗತ್ತೆಗೆ ನೆಲ ಸಿಕ್ಕಿತು. ಅದರ ಬಾಲ ಹಿಡಿದು ಓಬೆಡ್, ಓಬೆಡನ ಹಿಂದೆ ಕೆಜಿಯಾ, ಒಬ್ಬರ ಮೇಲೊಬ್ಬರು ಮರಳಿಗೆ ಬಿದ್ದರು.

ಯಾರೂ ಸಾಯಲಿಲ್ಲ. ಕಾಫಿ ಪುಡಿ ಮಾತ್ರ ನೀರುಪಾಲಾಯಿತು, ಅದಕ್ಕೆ ಓಬೆಡ್ ಬಹಳ ಅತ್ತ.

"ನೋಡಿದ್ಯಾ ಅತ್ತಿಗೆ, ನಮ್ಮನ್ನು ಹಿಡೀಲಿಲ್ಲ, ಹೇಸರಗತ್ತೆಯನ್ನು ಹಿಡ್ದ," ಎಂದು ಅವನು ಬಟ್ಟೆ ಹಿಂಡುತ್ತ ಪಿಸುಗುಟ್ಟಿದ. "ಕಬ್ಬಿಣ ಹೊರೋದಕ್ಕೆ ಅದು ಬೇಕಲ್ಲ."

ಕೆಜಿಯಾಳಿಗೂ ಹಾಗೆಯೇ ಅನ್ನಿಸಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹೇಸರಗತ್ತೆಯನ್ನು ಹಿಡಿಯದಿದ್ದರೆ ಅದರ ಜೊತೆ ತಾವಿಬ್ಬರೂ ಕೊಚ್ಚಿಹೋಗುತ್ತಿದ್ದೆವು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಅಲ್ಲಿಂದ ಮುಂದೆ ಕಾಡು. ಆಕಾಶಕ್ಕೆ ಮುಟ್ಟಿದ ಫರ್ ಮರಗಳು, ಅವುಗಳ ಕೆಳಗೆ ಮಧ್ಯಾಹ್ನವೂ ಸಂಜೆಯಂಥ ಬೆಳಕು. ಬಿದ್ದ ದಿಮ್ಮಿಗಳ ಮೇಲೆ ಪಾಚಿ, ಪಾಚಿಯ ಮೇಲೆ ಹೊಸ ಸಸಿ, ಸಸಿಯ ಸಂದಿಯಲ್ಲಿ ನೀರಿನ ಜಿನುಗು. ಬಂಡಿದಾರಿ ಎಂಬುದು ಅದರ ನಡುವೆ ಕಡಿದ ಬೊಡ್ಡೆಗಳ ಒಂದು ಸಾಲು. ಅದರಲ್ಲಿ ಕ್ಯಾಪ್ಟನ್ ಮತ್ತೆ ಮತ್ತೆ ದಾರಿ ತಪ್ಪಿದ. ಒಂದು ಕಡೆ ಬತ್ತಿದ ತೊರೆಯೊಳಗೆ ಇಳಿಸಿ ವಾಪಸು ಹತ್ತಿಸಿದ. ಇನ್ನೊಂದು ಕಡೆ ಎರಡು ಕವಲಿನ ನಡುವೆ ನಿಂತು ಬಹಳ ಹೊತ್ತು ಗಡ್ಡ ಕೆರೆದುಕೊಂಡ.

"ಏನ್ ಕ್ಯಾಪ್ಟನ್ನರೇ, ಬಂದ ದಾರೀನೇ ಮರೆತೋಯ್ತಾ? ಇಲ್ಲಾ ನಮ್ಮನ್ನ ಸುತ್ತು ಹೊಡೆಸ್ತಾ ಇದ್ದೀರಾ?" ಎಂದ ಓಬೆಡ್.

"ಗುರುತು ಸಿಗ್ತಾ ಇಲ್ಲ ಕಣಯ್ಯಾ."

"ಗುರುತಾ, ನೆಪಾನಾ?"

ಕ್ಯಾಪ್ಟನ್ ಉತ್ತರ ಕೊಡಲಿಲ್ಲ. ಈ ಮನುಷ್ಯನ ದೊಡ್ಡ ರೋಗವೇ ಅದು. ಬೈದರೆ ಸುಮ್ಮನಿರುತ್ತಾನೆ, ಸುಮ್ಮನಿರುವವನು ಕಳ್ಳನಂತೆ ಕಾಣುತ್ತಾನೆ.

ಲಾರೆಲ್ ಗುಡ್ಡ ಎದ್ದು ನಿಂತಿತು. ಗುಡ್ಡ ಎನ್ನುವುದಕ್ಕಿಂತ ಗೋಡೆ ಎನ್ನಬೇಕು. ಪಡುವಣಕ್ಕೆ ಬರುವವರು ಬಂಡಿಯ ಹಿಂದೆ ಹಗ್ಗ ಬಿಗಿದು, ಹಗ್ಗವನ್ನು ಮರಕ್ಕೆ ಸುತ್ತಿ, ಬಿಡುತ್ತ ಬಿಡುತ್ತ ಇಳಿಸಿದ ಜಾಗ. ಮರಗಳ ತೊಗಟೆ ಸುಟ್ಟು ಒಳಗೆ ಆಳವಾದ ಉಂಗುರ ಬಿದ್ದಿತ್ತು. ಎರಡೂ ಕಡೆ ದಟ್ಟ ಹಸಿರು ಎಲೆಯ ಪೊದೆ. ಅದರ ಎಲೆ ತಿಂದ ದನ ಉಳಿಯುವುದಿಲ್ಲ, ಕ್ಯಾಪ್ಟನ್ ಮೊದಲೇ ಹೇಸರಗತ್ತೆಗಳ ಬಾಯಿಗೆ ಗೋಣಿ ಕಟ್ಟಿದ. ಬೇರು ಹಿಡಿದು, ಮೊಣಕಾಲೂರಿ, ಜಾರುವ ಕಲ್ಲಿನ ಮೇಲೆ ಹತ್ತಿದರು. ಕೆಜಿಯಾ ಹತ್ತುತ್ತಲೇ ಎರಡೂ ಬದಿಗೆ ಕಣ್ಣಾಡಿಸಿದಳು. ಹಳೆಯ ಗಾಲಿ, ಮುರಿದ ಅಚ್ಚು, ತುಕ್ಕು ಹಿಡಿದ ಒಲೆ, ಎಲ್ಲ ಇತ್ತು. ಅವಳ ಬಂಡಿಯ ಒಂದು ಚೂರೂ ಇರಲಿಲ್ಲ.

"ನಮ್ಮ ಬಂಡಿ ಎಲ್ಲಿ ಒಡೀತು, ಕ್ಯಾಪ್ಟನ್?"

"ಇಲ್ಲೇ ಎಲ್ಲೋ," ಎಂದ ಅವನು, ತಿರುಗದೆ.

ಸುಳ್ಳು. ಬೆನ್ನು ನೋಡಿಯೇ ಅವಳಿಗೆ ಗೊತ್ತಾಯಿತು.

ಮೇಲ್ಮಾಳ ತಲುಪಿದಾಗ ಬಿಸಿಲಿತ್ತು. ಕಾಡಿನ ನಡುವೆ ಅಗಲವಾದ ಹುಲ್ಲುಗಾವಲು, ಅಂಚಿನಲ್ಲಿ ಇನ್ನೂ ಕರಗದ ಹಿಮದ ಪಟ್ಟಿ, ಅದರಾಚೆ ಇಡೀ ಬಿಳಿ ಬೆಟ್ಟ. ಈ ದಾರಿಯಲ್ಲಿ ಬಂದವರೆಲ್ಲ ಎತ್ತಿನ ನೊಗ ಇಳಿಸಿ ಉಸಿರು ಬಿಟ್ಟದ್ದು ಇಲ್ಲಿ. ಒಲೆಯ ಕಲ್ಲುಗಳು ಕಪ್ಪಾಗಿ ಅಲ್ಲಲ್ಲಿ ಬಿದ್ದಿದ್ದವು. ಮಕ್ಕಳು ಹುಟ್ಟಿದ್ದೂ ಇಲ್ಲೇ, ಮುದುಕರು ಹೋದದ್ದೂ ಇಲ್ಲೇ.

ಆದರೆ ಬೀಡಿನ ತುಂಬ ಗುಂಡಿಗಳಿದ್ದವು. ಬಂಡೆಗಳ ಬುಡದಲ್ಲಿ, ಮರಗಳ ಬೇರಿನಲ್ಲಿ, ಎಲ್ಲೆಲ್ಲಿ ಏನಾದರೂ ಬಚ್ಚಿಡಬಹುದೋ ಅಲ್ಲೆಲ್ಲ ಯಾರೋ ಅಗೆದಿದ್ದರು. ಮಣ್ಣು ಇನ್ನೂ ಹಸಿ.

ಓಬೆಡ್ ಬಂದೂಕು ಕೈಗೆ ತೆಗೆದುಕೊಂಡ. "ಯಾರು ಬಂದಿದ್ರು ಇಲ್ಲಿಗೆ? ಹೋದ ತಿಂಗಳು ಬೇಲಿ ಗೂಟ ಕಡೀತೀನಿ ಅಂತ ಒಂದು ವಾರ ಎಲ್ಲಿಗೆ ಹೋಗಿದ್ರಿ ಕ್ಯಾಪ್ಟನ್?"

"ಗೂಟ ಕಡಿಯೋದಕ್ಕೆ."

"ಆಹಾ!"

ತೊರೆಯ ಹತ್ತಿರ ಯಾರದೋ ಹೆಂಗಸಿನ ಗೋರಿ ಇತ್ತು. ಅದರ ಹಲಗೆ ಕಿತ್ತು ಎಸೆದು, ಅದನ್ನೂ ಬಗೆದಿದ್ದರು. ಒಳಗಿದ್ದುದನ್ನು ತೋಳಗಳು ಹೊರಗೆಳೆದಿದ್ದವು. ಕೆಜಿಯಾ ಒಂದು ಸಲ ನೋಡಿ ಮುಖ ತಿರುಗಿಸಿದಳು.

ಮಾಳದ ನಡುವೆ, ಎತ್ತರದಲ್ಲಿ, ಎಲ್ಲರಿಗೂ ಕಾಣುವಂತೆ ಇನ್ನೊಂದು ಗೋರಿ. ಅದನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಹಲಗೆಯ ಮೇಲೆ ಕಾದ ಕಬ್ಬಿಣದಿಂದ ಸುಟ್ಟು ಬರೆದಿತ್ತು: ಜೋಯೆಲ್ ಹಾರ್ಲನ್, ಇಲಿನಾಯ್. ಕೆಳಗೆ ದಪ್ಪಕ್ಷರದಲ್ಲಿ: ಕಾಲರಾ.

ಕೆಜಿಯಾ ಆ ಕೊನೆಯ ಪದದ ಮೇಲೆ ಬೆರಳಿಟ್ಟಳು.

"ಜ್ವರ ಅಂದ್ರಲ್ಲಾ. ಇಲ್ಲಿ ಕಾಲರಾ ಅಂತಿದೆ."

ಕ್ಯಾಪ್ಟನ್ ಬಿಳಿ ಬೆಟ್ಟದ ಕಡೆ ನೋಡಿದ.

"ಕಾಲರಾ ದೂರದ ಪ್ಲಾಟ್ ಹೊಳೆ ಬಯಲಿನ ರೋಗ. ಈ ಹಿಮದ ಬೆಟ್ಟಕ್ಕೆ ಅದು ಹೇಗೆ ಹತ್ತಿ ಬಂತು?"

ದಾರಿ ನಡೆದ ಯಾರಿಗೂ ಆ ಪದ ಬಿಡಿಸಿ ಹೇಳಬೇಕಾಗಿಲ್ಲ. ಹೊರಲಾರದ ಸಾಮಾನನ್ನು ಹೂತು, ಮೇಲೆ ಗೋರಿ ಕಟ್ಟಿ, ಒಂದು ಹೆಸರು ಬರೆದು, ಕೆಳಗೆ ಕಾಲರಾ ಎಂದು ಸೇರಿಸಿದರೆ ಮುಗಿಯಿತು. ಎಂಥ ಕಳ್ಳನೂ ಸನಿಕೆ ಹಾಕುವುದಿಲ್ಲ. ಹಳೆಯ ಉಪಾಯ. ಆದರೆ ಆ ಉಪಾಯಕ್ಕೆ ತನ್ನ ಗಂಡನ ಹೆಸರು!

ಅವಳು ಜಡ್ಜ್‌ನ ಬೆನ್ನಿನಿಂದ ಸನಿಕೆ ಎಳೆದುಕೊಂಡಳು.

"ಅತ್ತಿಗೆ! ಅಣ್ಣನ ಗೋರಿ ಕಣೇ ಅದು!" ಎಂದು ಓಬೆಡ್ ಕೂಗಿದ.

"ಅಗೀಲಿ ಬಿಡು," ಎಂದ ಕ್ಯಾಪ್ಟನ್, ಮೆಲ್ಲಗೆ. "ಅಲ್ಲಿ ಅವನಿಲ್ಲ."

ಅವಳು ಅಗೆದಳು. ಕೂದಲು ಬಿಚ್ಚಿತು, ಅಂಗೈ ಸುಲಿಯಿತು, ನಿಲ್ಲಲಿಲ್ಲ. ಮೊಣಕಾಲಿನ ಆಳಕ್ಕೆ ಹೋದಾಗ ಸನಿಕೆ ಠಣ್ ಎಂದಿತು. ಕೊಬ್ಬು ಸವರಿದ ಗುಡಾರದ ಬಟ್ಟೆಯೊಳಗೆ ಗರಗಸದ ಉದ್ದನೆಯ ಅಲಗು, ಅದನ್ನು ಆಡಿಸುವ ಕ್ರ್ಯಾಂಕು, ಗಿರಣಿಯ ಕಬ್ಬಿಣವೆಲ್ಲ ಸುರಕ್ಷಿತವಾಗಿ ಮಲಗಿತ್ತು. ಇದಕ್ಕಾಗಿಯೇ ಇಷ್ಟು ದೂರ ಬಂದದ್ದು. ಸಿಕ್ಕಾಗ ಅವಳಿಗೆ ಅದನ್ನು ಒದೆಯಬೇಕೆನಿಸಿತು.

"ಅವನೆಲ್ಲಿ?" ಎಂದಳು. "ಕಬ್ಬಿಣಕ್ಕೆ ಗೋರಿ ಕಟ್ಟಿದ್ದೀಯ. ನನ್ನ ಗಂಡನನ್ನ ಎಲ್ಲಿ ಬಿಸಾಕಿದೆ, ಹೇಳು!"

ಓಬೆಡ್‌ನ ಬಂದೂಕು ಕ್ಯಾಪ್ಟನ್ನನ ಎದೆಗೆ ತಿರುಗಿತ್ತು.

ಕ್ಯಾಪ್ಟನ್ ಟೊಪ್ಪಿಗೆ ತೆಗೆದ. ಆರು ತಿಂಗಳಲ್ಲಿ ಆಡದಿದ್ದ ಮಾತನ್ನೆಲ್ಲ ಒಟ್ಟಿಗೆ ಆಡಿದ.

"ದಾರಿಯಲ್ಲಿ ಹೂತಿದ್ದೀನಿ ಕಣಮ್ಮಾ. ಗಾಲಿಜಾಡಿನಲ್ಲೇ. ಮೇಲೆ ಮಣ್ಣು ತುಳಿದು, ನಾಲ್ಕೂ ಎತ್ತನ್ನ ಹಿಂದಕ್ಕೆ ಮುಂದಕ್ಕೆ ಓಡಿಸಿದೆ, ಗುರುತು ಅಳಿಯೋವರೆಗೂ. ತೋಳಕ್ಕೂ ಸಿಗಬಾರದು, ಗೋರಿ ಬಗೆಯೋ ನಾಯಿಗಳಿಗೂ ಸಿಗಬಾರದು ಅಂತ. ಆ ಹೆಂಗಸಿನ ಗತಿ ನೋಡಿದ್ಯಲ್ಲ?"

"ಮತ್ತೆ ಆರು ತಿಂಗಳು ಯಾಕೆ ಬೊಗಳಲಿಲ್ಲ?"

"ನಿನಗೆ ಹೇಳಿದ್ರೆ ಊರಿಗೆ ಹೇಳಿದ ಹಾಗೆ. ಹಲಗೆ ಸುಳ್ಳು ಅಂತ ಒಬ್ಬನಿಗೆ ಗೊತ್ತಾಗಿದ್ರೂ ಈ ಗುಂಡಿ ಇವತ್ತು ಖಾಲಿ ಇರ್ತಿತ್ತು."

"ತೋರಿಸು," ಎಂದಳು ಕೆಜಿಯಾ.

"ಬೀಡು ಬಿಟ್ಟು ಹೊರಟ ಮೇಲೆ ಮೊದಲನೇ ತಿರುವು. ಎಡಗಾಲಿ ಜಾಡು." ಅವನು ಮಾಳ ದಾಟಿ ಮುಂದೆ ನಡೆದ. ಇವರು ಹಿಂದೆ.

ತಿರುವು ಇತ್ತು. ಎಡಜಾಡಿನಲ್ಲಿ ಅವಳು ಅಗೆದಳು. ಕಲ್ಲು. ಓಬೆಡ್ ಬಂದೂಕು ಕೆಳಗಿಡದೆಯೇ ಕಾಲಿನಿಂದ ಮಣ್ಣು ಕೆದಕಿದ. ಗಟ್ಟಿ ನೆಲ, ಸೃಷ್ಟಿಯಾದಂದಿನಿಂದ ಯಾರೂ ಮುಟ್ಟದ್ದು. ಕ್ಯಾಪ್ಟನ್ ಇನ್ನೂ ಸ್ವಲ್ಪ ಮುಂದೆ ಹೋದ, ಹಿಂದೆ ಬಂದ, ಬಗ್ಗಿ ನೋಡಿದ.

"ಇಲ್ಲೊಂದು ಜೋಡಿ ಮರ ಇತ್ತು..."

"ಮರಾನೂ ಎದ್ದು ಹೋಯ್ತಾ?" ಓಬೆಡ್ ಬಂದೂಕಿನ ಕೀಲು ಎಳೆದ. "ಸಾಕು ಅತ್ತಿಗೆ. ಇನ್ನೆಷ್ಟು ಸುಳ್ಳು ಕೇಳೋಣ? ಬದುಕಿರೋವಾಗ್ಲೇ ಬಿಟ್ಟು ಹೋಗಿದ್ದಾನೆ. ಇವನನ್ನೂ ಇಲ್ಲೇ ಬಿಡೋಣ."

ಕ್ಯಾಪ್ಟನ್ ಓಡಲಿಲ್ಲ, ಬೇಡಿಕೊಳ್ಳಲಿಲ್ಲ. ಎಡಗೈಯನ್ನು ಚಾಚಿ, ಬಲಗೈಯನ್ನು ಚಾಚಿ, ದಾರಿ ಮಧ್ಯೆ ಕಳೆದುಹೋದ ಮಗುವಿನಂತೆ ನಿಂತಿದ್ದ. ಆ ಕೈಗಳನ್ನು ನೋಡುತ್ತ ನೋಡುತ್ತ ಕೆಜಿಯಾಳಿಗೆ ಏನೋ ಹೊಳೆಯಿತು.

"ಕ್ಯಾಪ್ಟನ್, ಆವತ್ತು ನಿಮ್ಮ ಮುಖ ಯಾವ ಕಡೆಗಿತ್ತು?"

"ಯಾವ ಕಡೆಗೆ ಅಂದ್ರೆ? ಆರೆಗನ್ ಕಡೆಗೆ. ಪಡುವಣಕ್ಕೆ."

"ಈಗ?"

ಅವನು ಸೂರ್ಯನನ್ನು ನೋಡಿದ. ಬಾಯಿ ತೆರೆದುಕೊಂಡಿತು.

ಈ ದಾರಿಯಲ್ಲಿ ಬಂದವರಿದ್ದಾರೆ, ತಿರುಗಿ ಹೋದವರು ಯಾರು? ಎಡ ಎಂದರೆ ಪಡುವಣಕ್ಕೆ ಹೋಗುವವನ ಎಡ. ಹೊರಡುವುದು ಎಂದರೆ ಪಡುವಣಕ್ಕೆ ಹೊರಡುವುದು. ಇಡೀ ಜನ್ಮದಲ್ಲಿ ಕ್ಯಾಪ್ಟನ್ ಈ ಬೆಟ್ಟವನ್ನು ಬೆನ್ನ ಕಡೆಯಿಂದ ನೋಡಿದ್ದು ಇದೇ ಮೊದಲು. ಕವಲುಗಳಲ್ಲಿ ತಬ್ಬಿಬ್ಬಾದದ್ದೂ ಅದಕ್ಕೇ. ಬೀಡಿಗೆ ಬಂದು, ಅಭ್ಯಾಸಬಲದಿಂದ ನೇರ ಮುಂದೆ ನಡೆದುಬಿಟ್ಟಿದ್ದ.

"ಹಿಂದಕ್ಕೆ," ಎಂದಳು ಕೆಜಿಯಾ. "ನಾವು ಒಳಗೆ ಬಂದ ಕಡೆಗೆ."

ಮೂವರೂ ಮಾಳವನ್ನು ಅಡ್ಡ ದಾಟಿ ಓಡಿದರು. ಪಡುವಣ ಅಂಚಿನ ತಿರುವಿನಲ್ಲಿ ಜೋಡಿ ಮರ ನಿಂತಿತ್ತು. ಅವುಗಳ ನಡುವೆ, ಎಡಗಾಲಿಯ ಜಾಡಿನಲ್ಲಿ, ಆಳುದ್ದಕ್ಕೆ ನೆಲ ಸ್ವಲ್ಪ ಕುಸಿದು, ಹಿಮದ ನೀರು ತೆಳ್ಳಗೆ ನಿಂತಿತ್ತು. ಅದರ ಕೆಸರಿನಲ್ಲಿ ಅವರದೇ ಹೇಸರಗತ್ತೆಗಳ ಹೆಜ್ಜೆಗುರುತು. ಬೆಳಿಗ್ಗೆ ಬರುವಾಗ ಅವನ ಮೇಲೆಯೇ ನಡೆದು ಬಂದಿದ್ದರು.

ಈ ಸಲ ಅವಳು ಸನಿಕೆ ಹಾಕಲಿಲ್ಲ. ಕೈಯಲ್ಲೇ ಮಣ್ಣು ತೆಗೆದಳು. ಕ್ಯಾಪ್ಟನ್ ಆಚೆ ತುದಿಯಿಂದ ತೆಗೆದ. ಓಬೆಡ್ ಬಂದೂಕನ್ನು ಮರಕ್ಕೆ ಒರಗಿಸಿ ಬಂದು ಸೇರಿದ. ತೋಳುದ್ದ ಹೋದ ಮೇಲೆ ಅವಳ ಬೆರಳಿಗೆ ಮರ ತಗುಲಿತು. ಕೆಸರು ಒರೆಸಿದಳು. ನೀಲಿ ಬಣ್ಣ.

ಇಲಿನಾಯ್‌ನಲ್ಲಿ, ಹೊರಡುವ ವಸಂತದಲ್ಲಿ, ತಾನೇ ಕೈಯಾರೆ ಬಳಿದ ನೀಲಿ. ಅವಳ ಬಂಡಿಯ ತಳದ ಹಲಗೆಗಳು. ಒಂದಕ್ಕೊಂದು ಬಿಗಿಯಾಗಿ ಮೊಳೆ ಹೊಡೆದು, ಮೇಲೆ ಕಲ್ಲು ಪೇರಿಸಿ ಹೂತಿದ್ದ ಪೆಟ್ಟಿಗೆ. ಈ ದಾರಿಯಲ್ಲಿ ಸತ್ತವರಿಗೆ ಒಂದು ಕಂಬಳಿ ಸಿಕ್ಕರೆ ಪುಣ್ಯ. ಪೆಟ್ಟಿಗೆ ಯಾರಿಗೂ ಸಿಗುವುದಿಲ್ಲ.

"ಬಂಡಿ ಗುಡ್ಡದಲ್ಲಿ ಒಡೀಲಿಲ್ಲ," ಎಂದಳು ಅವಳು.

"ಇಲ್ಲ. ನಾನೇ ಒಡೆದೆ. ಒಳ್ಳೇ ಬಂಡಿ. ನಿನ್ನದು. ಕೇಳದೇ ಒಡೆದೆನಲ್ಲ ಅಂತ ಹೇಳೋದಕ್ಕೆ ಬಾಯಿ ಬರಲಿಲ್ಲ."

"ಹಿಮ ಬೀಳ್ತಿತ್ತಾ?"

"ಬೀಳ್ತಿತ್ತು."

ಹಿಮ ಬೀಳುವಾಗ ಒಂದೇ ಸೂರಾಗಿದ್ದ ಬಂಡಿಯನ್ನು ಒಡೆದು ಸತ್ತವನಿಗೆ ಪೆಟ್ಟಿಗೆ ಮಾಡಿ, ಲಾರೆಲ್ ಗುಡ್ಡವನ್ನು ನಡೆದು ಇಳಿದವನು. ಆರು ತಿಂಗಳು ಊರು ಅವನ ಬೆಂಚಿನಲ್ಲಿ ಕೂರಲಿಲ್ಲ.

"ಕೋಟು?" ಎಂದಳು. ಕೇಳದೆ ಇರಲಾರದಾದಳು.

ಕ್ಯಾಪ್ಟನ್ ತಲೆ ತಗ್ಗಿಸಿದ. "ಹೂಳೋ ಮುಂಚೆ ಬಿಚ್ಚಿಕೊಂಡೆ. ನನಗೆ ಚಳಿ ಆಗ್ತಿತ್ತಮ್ಮಾ. ಅವನಿಗೆ ಆಗ್ತಿರಲಿಲ್ಲ."

ಕೆಜಿಯಾ ನೀಲಿ ಹಲಗೆಯ ಮೇಲೆ ಅಂಗೈ ಇಟ್ಟು ಅತ್ತಳು. ಹೋದ ಚಳಿಗಾಲದಲ್ಲಿ ಸಿಟ್ಟಿಗೆ ಅಳಲಾಗದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು. ಆಮೇಲೆ ಎದ್ದು ಮೊದಲು ತಾನೇ ಮಣ್ಣು ತಳ್ಳಿದಳು. ಮುಚ್ಚಿ, ತುಳಿದು, ಜಡ್ಜ್‌ನನ್ನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಸಿದರು. ಮಾಳದ ನಡುವಿನ ಗುಂಡಿಯನ್ನೂ ಮುಚ್ಚಿ ಕಾಲರಾ ಹಲಗೆಯನ್ನು ಇದ್ದ ಹಾಗೇ ನಿಲ್ಲಿಸಿದರು. ಬಗೆಯುವವರ ಕಣ್ಣು ಅಲ್ಲಿರಲಿ. ತೊರೆಯ ಹತ್ತಿರದ ಆ ಹೆಂಗಸಿನ ಮೂಳೆಗಳನ್ನು ಓಬೆಡ್ ಒಬ್ಬನೇ ಆಯ್ದು ತಂದ. ಅವಳನ್ನೂ ಗಾಲಿಜಾಡಿನಲ್ಲಿ, ಜೋಯೆಲನಿಂದ ಸ್ವಲ್ಪ ದೂರ, ಮಲಗಿಸಿದರು.

ಇನ್ನು ಇಳಿಯುವುದು.

ಲಾರೆಲ್ ಗುಡ್ಡದ ನೆತ್ತಿಯಲ್ಲಿ ಎರಡು ಎಳೆಮರ ಕಡಿದು ಜಾರುಬಂಡಿ ಕಟ್ಟಿ, ಕಬ್ಬಿಣವನ್ನೆಲ್ಲ ಅದಕ್ಕೆ ಬಿಗಿದರು. ಓಬೆಡ್ ಹೇಸರಗತ್ತೆಗಳನ್ನು ಹಿಡಿದು ಮೊದಲೇ ಇಳಿದ. ಹಗ್ಗವನ್ನು ಮರಕ್ಕೆ ಸುತ್ತಿ ಹಿಡಿಯಲು ಒಬ್ಬರು ಮೇಲೆ, ಹೊರೆ ಕಲ್ಲಿಗೆ ಬಡಿಯದಂತೆ ತಿರುಗಿಸಲು ಒಬ್ಬರು ಕೆಳಗೆ. ಮೇಲಿನವನು ಕೈಬಿಟ್ಟರೆ ಕೆಳಗಿನವರು ಹೊರೆಯಡಿ ಅಪ್ಪಚ್ಚಿ.

"ನಾನು ಕೆಳಗಿರ್ತೀನಿ," ಎಂದ ಕ್ಯಾಪ್ಟನ್. "ಹಗ್ಗ ನೀನು ಹಿಡಿ."

"ನನ್ನ ಅಂಗೈ ಸುಲಿದು ಹೋಗಿದೆ. ನೀವೇ ಹಿಡೀರಿ," ಎಂದು ಕೆಜಿಯಾ ಹೊರೆಯ ಕೆಳಗೆ ಹೋಗಿ ನಿಂತಳು.

ಹಗ್ಗ ಗಿರ್ರೆಂದಿತು. ಹೊರೆ ಜಾರಿತು.

"ಎಡಕ್ಕೆ!" ಎಂದು ಅವಳು ಕೂಗಿದಳು.

"ಯಾರ ಎಡ?"

"ಆರೆಗನ್ ಎಡ!"

ಅರ್ಧಕ್ಕೆ ಬಂದಾಗ ಕಾಲಡಿಯ ಕಲ್ಲು ಕಿತ್ತುಕೊಂಡಿತು. ಅವಳು ಬಿದ್ದಳು. ಗರಗಸದ ಅಲಗು ಅವಳ ಮುಖದ ನೇರಕ್ಕೆ ಬಂತು.

ಹಗ್ಗ ಸರಕ್ಕನೆ ಓಡಿತು. ಮರದಿಂದ ಹೊಗೆ ಎದ್ದಿತು.

ನಿಂತಿತು.

ಮೇಲಿನಿಂದ ಸದ್ದಿಲ್ಲ. ಹಗ್ಗ ಮಾತ್ರ ಬಿಗಿಯಾಗಿ ನಡುಗುತ್ತಿತ್ತು. ಕೆಜಿಯಾ ಉರುಳಿ ಪಕ್ಕಕ್ಕೆ ಬಂದು, ಎದ್ದು, ಹೊರೆಯನ್ನು ಕಲ್ಲಿನಿಂದ ಬಿಡಿಸಿ, "ಬಿಡಿ!" ಎಂದಳು. ಹಗ್ಗ ಮೆಲ್ಲಗೆ ಸಡಿಲಿತು. ಕೆಳಗೆ ತಲುಪಿದ ಮೇಲೆ ನೋಡಿದರೆ ಕ್ಯಾಪ್ಟನ್ನನ ಎರಡೂ ಅಂಗೈಯಲ್ಲಿ ಚರ್ಮವಿರಲಿಲ್ಲ. ಅವಳು ತನ್ನ ಲಂಗದ ಅಂಚು ಹರಿದು ಅವನ ಕೈಗೆ ಕಟ್ಟಿದಳು. ಓಬೆಡ್ ಉಪ್ಪುಮಾಂಸದ ದೊಡ್ಡ ತುಂಡನ್ನು ಕ್ಯಾಪ್ಟನ್ನನಿಗೇ ಬಡಿಸಿದ.

ಆಲ್ಡರ್‌ಹಳ್ಳಕ್ಕೆ ಬಂದಾಗ ಊರಿಗೆ ಊರೇ ಬೇಲಿಯ ಹತ್ತಿರ ನಿಂತಿತ್ತು. ಗರಗಸ ಕಂಡು ಗಂಡಸರು ಟೊಪ್ಪಿಗೆ ಹಾರಿಸಿದರು. ಧರ್ಮಬೋಧಕನ ಹೆಂಡತಿ ತಬಿತಾ ಮಾತ್ರ ಕಬ್ಬಿಣವನ್ನು ನೋಡಲಿಲ್ಲ. ಅವಳ ಕಣ್ಣು ಕ್ಯಾಪ್ಟನ್ನನ ಮೇಲಿತ್ತು.

"ಗೋರಿ ನೋಡಿದ್ಯಾ ಕೆಜಿಯಾ? ಇವನು ಹೇಳಿದ್ದೆಲ್ಲ ನಿಜಾನಾ?"

ಕ್ಯಾಪ್ಟನ್ ನೆಲ ನೋಡಿದ. ಗೋರಿಯ ಮಾತು ಸುಳ್ಳು, ಬಂಡಿಯ ಮಾತು ಸುಳ್ಳು. ನಿಜ ಹೇಳಿದರೆ ಇವನ ಹೆಸರು ಉಳಿಯುತ್ತದೆ. ಆದರೆ ಈ ಬೇಲಿಯಿಂದ ಅದು ಬೆಟ್ಟಕ್ಕೆ ಹೋಗಲು ಎಷ್ಟು ಹೊತ್ತು? ಆಮೇಲೆ ಆ ಗಾಲಿಜಾಡಿಗೂ ಸನಿಕೆ ಬೀಳುತ್ತದೆ. ಕೆಜಿಯಾ ಹಾರ್ಲನ್ ಅಲ್ಲಿಯವರೆಗೆ ಬೋಧಕರ ಮನೆಯವರ ಮುಂದೆ ಸುಳ್ಳಾಡಿದವಳಲ್ಲ.

"ಒಂದಕ್ಷರ ಸುಳ್ಳಿಲ್ಲ," ಎಂದಳು ಎಲ್ಲರಿಗೂ ಕೇಳುವಂತೆ. "ಎಲ್ಲ ಕ್ಯಾಪ್ಟನ್ ಹೇಳಿದ ಹಾಗೇ ಇದೆ. ನಾನೇ ಕಣ್ಣಾರೆ ನೋಡಿ ಬಂದೆ."

ಓಬೆಡ್‌ಗೆ ಜೋರಾಗಿ ಕೆಮ್ಮು ಬಂತು.

"ಗಿರಣಿಗೆ ಕಂಬ ನಾಳೆಯೇ ನೆಡಬೇಕು ಕ್ಯಾಪ್ಟನ್, ತಡ ಮಾಡಬೇಡಿ," ಎಂದು ಅವಳು ಜಡ್ಜ್‌ನ ಕಡಿವಾಣವನ್ನು ಅವನ ಕಟ್ಟಿದ ಕೈಗೆ ಕೊಟ್ಟಳು. "ಈಗ ಒಳಗೆ ಬನ್ನಿ. ಊಟ ಮಾಡಿ."